ಒಣಗದ ಸಿಗಡಿ ಕಲಿಸಿದ್ದು

ಚಿಕ್ಕ ಮಕ್ಕಳಿಗೆ ಕಥೆ ಹೇಳಲು ಹೊರಟಾಗ ನನ್ನ ಕೈಯಲ್ಲಿ ತಿಂಗಳಿಗೊಂದು ವಿಷಯವಿತ್ತು, ವಿಷಯಕ್ಕೆ ತಕ್ಕ ಪುಸ್ತಕಗಳಿದ್ದವು, ಪುಸ್ತಕಕ್ಕೊಂದು ಚಟುವಟಿಕೆಯೂ ಇತ್ತು. ಮಕ್ಕಳ ಕಿವಿಗೆ ಹಿಡಿಸುವ ಕಥೆ ಮಾತ್ರ ಇರಲಿಲ್ಲ. ಅದಿಲ್ಲವೆಂದು ನನಗೆ ಅರ್ಥವಾಗಲು ಒಂದು ಇಡೀ ಮಳೆಗಾಲ ಬೇಕಾಯಿತು. ನನ್ನಂತೆ ಗ್ರಂಥಾಲಯದಲ್ಲೋ ಅಂಗನವಾಡಿಯಲ್ಲೋ ಅಪಾರ್ಟ್‌ಮೆಂಟಿನ ಸಭಾಂಗಣದಲ್ಲೋ ಈ ಕೆಲಸಕ್ಕೆ ಕೈಹಾಕುವವರಿಗೆ ಆ ಮಳೆಗಾಲ ಉಳಿತಾಯವಾಗಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸಿ ನಿವೃತ್ತಳಾದವಳು ನಾನು. ಪಾಠಯೋಜನೆ ಬರೆಯದೆ ತರಗತಿಗೆ ಕಾಲಿಟ್ಟವಳಲ್ಲ. ನಿವೃತ್ತಿಯ ನಂತರ ತಿಪಟೂರು ಸೀಮೆಯ ನಮ್ಮೂರಿಗೆ ಬಂದು ನೆಲೆಸಿದಾಗ ಪಂಚಾಯಿತಿ ಗ್ರಂಥಾಲಯ ಹೊಸ ಬಣ್ಣ ಬಳಿದುಕೊಂಡು ನಿಂತಿತ್ತು. 2019ರಲ್ಲಿ ರಾಜ್ಯದ ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಯ ಕೈಗೆ ಬಂದವು. ಮರುವರ್ಷ, ಕೊರೊನಾದಿಂದ ಶಾಲೆಗಳು ಮುಚ್ಚಿದ್ದ ಕಾಲದಲ್ಲಿ, ಮಕ್ಕಳ ದಿನಾಚರಣೆಯಂದು ‘ಓದುವ ಬೆಳಕು’ ಕಾರ್ಯಕ್ರಮ ಶುರುವಾಗಿ ಶಾಲಾಮಕ್ಕಳಿಗೆ ಉಚಿತ ಸದಸ್ಯತ್ವ ಸಿಕ್ಕಿತು. ಪತ್ರಿಕೆ ಓದುವ ಹಿರಿಯರೇ ಬರುತ್ತಿದ್ದ ಕೋಣೆಗೆ ಮಕ್ಕಳು ಬರತೊಡಗಿದರು. ಈಗ ಆ ಕೋಣೆಗಳನ್ನು ಅರಿವು ಕೇಂದ್ರ ಎನ್ನುತ್ತಾರೆ. ನಮ್ಮ ಕೇಂದ್ರದ ಮೇಲ್ವಿಚಾರಕಿ, ಓದಲು ಬಾರದ ಚಿಕ್ಕವರೂ ಅಕ್ಕ ಅಣ್ಣಂದಿರ ಜೊತೆ ಬಂದು ಕೂರುತ್ತಾರೆ, ಅವರಿಗಾಗಿ ವಾರಕ್ಕೊಂದು ಗಂಟೆ ಏನಾದರೂ ಮಾಡುತ್ತೀರಾ ಎಂದು ಕೇಳಿದರು. ಆ ಕ್ಷಣವೇ ಒಪ್ಪಿಕೊಂಡೆ.

ನನಗೆ ಗೊತ್ತಿದ್ದ ದಾರಿ ವಿಷಯದ ದಾರಿ. ಜೂನ್ ಬಂದರೆ ಮಳೆ, ಜುಲೈಯಲ್ಲಿ ಬೀಜ ಮತ್ತು ಗಿಡ, ಆಗಸ್ಟಿನಲ್ಲಿ ಹಬ್ಬ, ಹೀಗೆ ವರ್ಷದ ಪಟ್ಟಿ ಸಿದ್ಧವಾಯಿತು. ಅಂಗನವಾಡಿಗಳ ‘ಚಿಲಿಪಿಲಿ’ ಚಟುವಟಿಕೆಗಳೂ ವಿಷಯಗಳ ಸುತ್ತಲೇ ಹೆಣೆದಿರುವುದರಿಂದ, ಅಲ್ಲಿ ಕಲಿತದ್ದಕ್ಕೆ ಇಲ್ಲಿ ಪೂರಕವಾಗುತ್ತದೆ ಎಂಬ ಸಮಾಧಾನವೂ ಇತ್ತು. ಮಳೆಯ ಗಂಟೆಗಾಗಿ ಆರಿಸಿದ ಪುಸ್ತಕಗಳು ಮೂರು. ಒಂದು, ಸಮುದ್ರದ ನೀರು ಆವಿಯಾಗಿ ಮೋಡವಾಗುವ ಮಾಹಿತಿ ಪುಸ್ತಕ. ಇನ್ನೊಂದು ಕೊಡೆಯ ಕಥೆ. ಮತ್ತೊಂದು ಕಪ್ಪೆಗಳ ಬಗ್ಗೆ. ಕೊನೆಗೆ ಕಾಗದದ ದೋಣಿ. ಮೂರೂ ಪುಸ್ತಕಗಳನ್ನು ನಾನು ಹೇಗೆ ಆರಿಸಿದೆ ಎನ್ನುವುದನ್ನು ಇಲ್ಲಿ ಹೇಳಬೇಕು: ಕಪಾಟಿನ ಮುಂದೆ ನಿಂತು ಮುಖಪುಟದ ಮೇಲೆ ಮಳೆ ಇದೆಯೇ ಎಂದು ನೋಡಿದೆ. ಒಂದನ್ನೂ ಮೊದಲು ಗಟ್ಟಿಯಾಗಿ ಓದಿ ನೋಡಲಿಲ್ಲ.

ಆ ಗಂಟೆ ಹೇಗೆ ನಡೆಯಿತೆಂದರೆ, ಮೊದಲ ಪುಸ್ತಕದ ಎರಡನೇ ಪುಟಕ್ಕೇ ಹಿಂದಿನ ಸಾಲು ಎದ್ದಿತು. ಕಾಗದಕ್ಕೆ ಹೊಳಪಿನ ಲ್ಯಾಮಿನೇಷನ್ ಇತ್ತು. ಟ್ಯೂಬ್‌ಲೈಟಿನ ಬೆಳಕು ಅದರ ಮೇಲೆ ಬಿದ್ದು, ನಾಲ್ಕು ಅಡಿ ಆಚೆ ಕೂತವರಿಗೆ ಚಿತ್ರದ ಬದಲು ಬಿಳಿ ಪಟ್ಟಿ ಕಾಣುತ್ತಿತ್ತು. ಪುಟಕ್ಕೆ ಏಳೆಂಟು ಸಾಲು, ಒಂದೊಂದು ಸಾಲಿನಲ್ಲೂ ‘ಬಾಷ್ಪೀಕರಣ’ದಂಥ ಪದಗಳು. ನಾನು ನಿಲ್ಲಿಸಿ ವಿವರಿಸಿದೆ, ವಿವರಿಸಿದ್ದನ್ನು ಪ್ರಶ್ನೆ ಮಾಡಿದೆ, ಉತ್ತರ ಬಾರದಿದ್ದಾಗ ಮತ್ತೆ ವಿವರಿಸಿದೆ. ದೋಣಿಗೆಂದು ಇಟ್ಟಿದ್ದ ಬಣ್ಣದ ಹಾಳೆಗಳ ಕಟ್ಟು ಪಕ್ಕದಲ್ಲೇ ಕಾಣುತ್ತಿತ್ತು. ಮಕ್ಕಳ ಕಣ್ಣು ಅಲ್ಲಿಂದ ಕದಲಲಿಲ್ಲ. ಕೊಡೆಯ ಕಥೆ ಅರ್ಧಕ್ಕೆ ನಿಂತಿತು, ಕಪ್ಪೆಯ ಪುಸ್ತಕ ತೆರೆಯಲೇ ಇಲ್ಲ. ದೋಣಿ ಮಾಡಲು ಹೊರಟಾಗ ಮೂರು ವರ್ಷದವರಿಗೆ ಮಡಿಕೆ ಬರಲಿಲ್ಲ, ಆರು ವರ್ಷದವರಿಗೆ ಹಾಳೆ ಸಾಲಲಿಲ್ಲ, ಅಳು ಶುರುವಾಯಿತು. ಮುಂದಿನ ವಾರ ಬಂದವರು ಅರ್ಧದಷ್ಟು. ಅದರ ಮುಂದಿನ ವಾರ ಇನ್ನೂ ಕಡಿಮೆ.

ನನ್ನ ಮೊದಲ ಪ್ರತಿಕ್ರಿಯೆ, ಯೋಜನೆ ಸಾಲಲಿಲ್ಲ ಎನ್ನುವುದಾಗಿತ್ತು. ಆದ್ದರಿಂದ ಯೋಜನೆಗೆ ಇನ್ನಷ್ಟು ಸೇರಿಸಿದೆ. ಬೀಜದ ವಾರಕ್ಕೆ ಅವರೆ, ಅಲಸಂದೆ, ರಾಗಿ ತಂದು ತಟ್ಟೆಗಳಲ್ಲಿಟ್ಟೆ. ಗೋಡೆಗೆ ಚಾರ್ಟ್ ಹಚ್ಚಿದೆ. ಹಾಡು ಕಟ್ಟಿದೆ. ಸಿದ್ಧತೆಗೆ ವಾರವಿಡೀ ಹೋಗುತ್ತಿತ್ತು. ಅಲಂಕಾರ ಬೆಳೆದಷ್ಟೂ ಕಥೆಗೆ ಸಿಗುತ್ತಿದ್ದ ಹೊತ್ತು ಕಿರಿದಾಗುತ್ತಾ ಬಂತು. ಮಕ್ಕಳು ಈಗ ಕೂರುವುದಿಲ್ಲ, ಮೊಬೈಲ್ ಕೆಡಿಸಿದೆ ಎಂದು ಮೇಲ್ವಿಚಾರಕಿಯ ಬಳಿ ಹೇಳಿದ್ದೂ ಉಂಟು. ಆ ಮಾತು ಸುಳ್ಳಾಗಿತ್ತು, ಅದನ್ನು ಆಮೇಲೆ ಮಕ್ಕಳೇ ತೋರಿಸಿಕೊಟ್ಟರು.

ಇದಕ್ಕಿಂತ ನೋವು ಕೊಟ್ಟ ಸೋಲು ಇನ್ನೊಂದು. ಅಪ್ಪಂದಿರ ದಿನ ಬರುತ್ತದೆಂದು ‘ನನ್ನ ಅಪ್ಪ’ ಎಂಬ ವಿಷಯ ಇಟ್ಟಿದ್ದೆ. ಪುಸ್ತಕದ ಅಪ್ಪ ಬೆಳಿಗ್ಗೆ ಸ್ಕೂಟರಿನಲ್ಲಿ ಶಾಲೆಗೆ ಬಿಡುತ್ತಾನೆ, ಸಂಜೆ ಪಾರ್ಕಿಗೆ ಕರೆದೊಯ್ಯುತ್ತಾನೆ, ರಾತ್ರಿ ಕಥೆ ಹೇಳುತ್ತಾನೆ. ಓದಿ ಮುಗಿಸಿ, ಈಗ ಒಬ್ಬೊಬ್ಬರೂ ನಿಮ್ಮ ಅಪ್ಪನ ಬಗ್ಗೆ ಹೇಳಿ ಎಂದೆ. ಐದು ವರ್ಷದ ಹುಡುಗನೊಬ್ಬ, “ಈ ಅಪ್ಪ ದಿನಾ ಮನೇಲೇ ಇರ್ತಾರಾ?” ಎಂದು ಕೇಳಿದ. ಅವನ ತಂದೆ ಬೆಂಗಳೂರಿನಲ್ಲಿ ಕಟ್ಟಡದ ಕೆಲಸಕ್ಕಿದ್ದವರು, ಹಬ್ಬಕ್ಕೆ ಬಂದರೆ ಬಂದರು. ಅವನ ಪಕ್ಕದಲ್ಲಿ ಕೂತಿದ್ದ ಹುಡುಗಿಗೆ ತಂದೆಯೇ ಇರಲಿಲ್ಲ. ಒಬ್ಬೊಬ್ಬರೂ ಹೇಳಿ ಎಂದು ಸುತ್ತು ಶುರುಮಾಡಿದ ಮೇಲೆ ಅವಳ ಸರದಿಯನ್ನು ದಾಟಿಸುವ ದಾರಿ ನನಗೆ ತಿಳಿಯಲಿಲ್ಲ. ಅವಳು ತಲೆ ತಗ್ಗಿಸಿ ಲಂಗದ ಅಂಚನ್ನು ಸುತ್ತುತ್ತಾ ಕೂತಳು. ಊರಿನ ಪ್ರತಿ ಮನೆಯ ಪರಿಚಯವಿದ್ದ ನಾನು ಪಟ್ಟಿ ಬರೆಯುವಾಗ ಕ್ಯಾಲೆಂಡರನ್ನು ನೋಡಿದ್ದೆ, ಆ ಮನೆಗಳನ್ನು ನೆನೆದಿರಲಿಲ್ಲ.

ಕಣ್ಣು ತೆರೆಸಿದ್ದು ಗ್ರಂಥಾಲಯದ ಎರವಲು ವಹಿ. ಯಾವ ಪುಸ್ತಕ ಯಾರ ಮನೆಗೆ ಹೋಯಿತು ಎಂದು ಮೇಲ್ವಿಚಾರಕಿ ಅಚ್ಚುಕಟ್ಟಾಗಿ ಬರೆದಿಡುತ್ತಿದ್ದರು. ಒಂದು ಮಧ್ಯಾಹ್ನ ಅದನ್ನು ತಿರುವುತ್ತಾ ಕೂತೆ. ನಾನು ವಿಷಯಕ್ಕೆಂದು ಎತ್ತಿಟ್ಟಿದ್ದ ಪುಸ್ತಕಗಳನ್ನು ಯಾರೂ ಒಯ್ದಿರಲಿಲ್ಲ. ಮತ್ತೆ ಮತ್ತೆ ಹೋಗಿಬಂದಿದ್ದದ್ದು ರೋಹಿಣಿ ನಿಲೇಕಣಿಯವರು ನೋನಿ ಎಂಬ ಹೆಸರಿನಲ್ಲಿ ಬರೆದ, ಪ್ರಥಮ್ ಬುಕ್ಸ್ ತಂದಿರುವ ಶೃಂಗೇರಿ ಶ್ರೀನಿವಾಸನ ಕ್ಷೌರದ ಕಥೆ. ಅದರ ಮೂಲೆಗಳು ಮೆತ್ತಗಾಗಿ ಹೋಗಿದ್ದವು, ಒಂದು ಪುಟಕ್ಕೆ ಯಾರೋ ಅನ್ನದ ಅಗುಳು ಹಚ್ಚಿ ಅಂಟಿಸಿದ್ದರು. ಉದ್ದ ಕೂದಲು ಬೆಳೆಸಿಕೊಂಡ ಶ್ರೀನಿವಾಸ ಕ್ಷೌರ ಮಾಡಿ ಎಂದು ಒಬ್ಬೊಬ್ಬರ ಬಳಿಯೂ ಹೋಗುತ್ತಾನೆ, ಯಾರಿಗೂ ಪುರುಸೊತ್ತಿಲ್ಲ. ಕಥೆಯ ಬೆನ್ನೆಲುಬು ಇಷ್ಟೇ. ನನ್ನ ವರ್ಷದ ಪಟ್ಟಿಯಲ್ಲಿ ಈ ಪುಸ್ತಕ ಎಲ್ಲೂ ಇರಲಿಲ್ಲ, ಏಕೆಂದರೆ ಅದು ಯಾವ ವಿಷಯದ ಕೆಳಗೂ ಬರುತ್ತಿರಲಿಲ್ಲ.

ಅದೇ ದಿನಗಳಲ್ಲಿ ಗಿಜುಭಾಯಿ ಬಧೇಕಾ ಅವರ ‘ದಿವಾಸ್ವಪ್ನ’ವನ್ನು ಮತ್ತೆ ತೆರೆದೆ. ಭಾವನಗರದ ಬಾಲಮಂದಿರದಲ್ಲಿ ಚಿಕ್ಕ ಮಕ್ಕಳೊಡನೆ ವರ್ಷಗಳನ್ನು ಕಳೆದ ಈ ಗುಜರಾತಿ ಶಿಕ್ಷಣತಜ್ಞರ ಪುಸ್ತಕದಲ್ಲಿ ಪ್ರಯೋಗಕ್ಕೆಂದು ತರಗತಿ ಹಿಡಿದ ಒಬ್ಬ ಮೇಷ್ಟ್ರು ಬರುತ್ತಾರೆ. ಮನೆಯಲ್ಲಿ ಕೂತು ಯೋಜನೆ ಬರೆದುಕೊಂಡು ಹೋದವರು ಮೊದಲ ದಿನವೇ ಮಕ್ಕಳಿಂದ ಮೌನದ ಆಟ ಆಡಿಸಲು ಹೋಗಿ ಸೋಲುತ್ತಾರೆ. ಗದ್ದಲ ತಡೆಯಲಾರದೆ ಮಕ್ಕಳನ್ನು ಬೇಗ ಮನೆಗೆ ಕಳಿಸುತ್ತಾರೆ. ಮರುದಿನ ಯಾವ ಪೀಠಿಕೆಯೂ ಇಲ್ಲದೆ ಒಂದು ರಾಜನ ಕಥೆ ಶುರುಮಾಡುತ್ತಾರೆ, ಗದ್ದಲದ ತರಗತಿ ಕಿವಿಯಾಗಿ ಕೂರುತ್ತದೆ. ಬಿ.ಎಡ್. ಮಾಡುವಾಗಲೇ ಇದನ್ನು ಓದಿದ್ದೆ, ಪರೀಕ್ಷೆಯಲ್ಲಿ ಬರೆದೂ ಇದ್ದೆ. ಈ ಸಲ ಓದಿದಾಗ ಆ ಮೇಷ್ಟ್ರ ಮೊದಲ ದಿನ ನನ್ನದೇ ದಿನವಾಗಿತ್ತು.

ಪಟ್ಟಿಯನ್ನು ಪಕ್ಕಕ್ಕಿಟ್ಟೆ. ನನಗೆ ಹೇಳಲು ಆಸೆಯಿದ್ದ ಒಂದು ಕಥೆಯನ್ನು ಆರಿಸಿಕೊಂಡೆ: ಪಂಜೆ ಮಂಗೇಶರಾಯರ ‘ಸಿಗಡಿ ಯಾಕೆ ಒಣಗಲಿಲ್ಲ?’ 1874ರಲ್ಲಿ ಹುಟ್ಟಿ 1937ರವರೆಗೆ ಬಾಳಿದ ಪಂಜೆಯವರು ಮೇಷ್ಟ್ರಾಗಿದ್ದವರು, ಶಾಲಾ ಇನ್ಸ್‌ಪೆಕ್ಟರ್ ಆಗಿ ಊರೂರು ತಿರುಗಿದವರು. ಮಕ್ಕಳು ಎಷ್ಟು ಹೊತ್ತು ಕೂರುತ್ತಾರೆ, ಎಲ್ಲಿ ಎದ್ದುಹೋಗುತ್ತಾರೆ ಎನ್ನುವುದು ಅವರಿಗೆ ಗೊತ್ತಿತ್ತೆಂದು ಅವರ ಕಥೆಗಳನ್ನು ಗಟ್ಟಿಯಾಗಿ ಓದಿದಾಗ ತಿಳಿಯುತ್ತದೆ. ಈ ಕಥೆ, ‘ಹೇನು ಸತ್ತು ಕಾಗೆ ಬಡವಾಯಿತು’ ಎಂಬ ಅವರದೇ ಇನ್ನೊಂದು ಕಥೆಯ ಹಾಗೆ, ಕೊಂಡಿಗೆ ಕೊಂಡಿ ಕೂಡುತ್ತಾ ಸಾಗುತ್ತದೆ. ಯಾಕೆ ಎಂಬ ಪ್ರಶ್ನೆಗೆ ಒಂದು ಉತ್ತರ, ಆ ಉತ್ತರಕ್ಕೆ ಮತ್ತೊಂದು ಯಾಕೆ. ಮೂರನೇ ಕೊಂಡಿಗೆ ಬರುವಷ್ಟರಲ್ಲಿ ಕೇಳುವ ಮಗುವಿಗೆ ಮುಂದಿನ ಪ್ರಶ್ನೆ ಗೊತ್ತಾಗಿರುತ್ತದೆ. ಗೊತ್ತಾದದ್ದನ್ನು ಹೇಳದೆ ಅದು ಸುಮ್ಮನಿರಲಾರದು.

ಒಂದು ತೊಡಕಿತ್ತು. ಕರಾವಳಿಯ ಕಥೆ, ನಮ್ಮ ಮಕ್ಕಳು ಕಡಲು ಕಂಡವರಲ್ಲ. ಸಂತೆಯಲ್ಲಿ ಒಣಮೀನು ಮಾರುವವರ ಬಳಿ ಹೋಗಿ ಒಂದು ಹಿಡಿ ಸಿಗಡಿ ತಂದೆ. ಅಂಗೈಯಲ್ಲಿಟ್ಟು ತೋರಿಸಿದಾಗ ಮಕ್ಕಳು ಬಾಗಿ ಬಾಗಿ ಮೂಸಿದರು. ಒಬ್ಬಳು ಮೂಗು ಮುಚ್ಚಿಕೊಂಡಳು, ಒಬ್ಬ ಇದರ ಸಾರು ನಮ್ಮನೇಲಿ ಮಾಡ್ತಾರೆ ಎಂದ. ಆಮೇಲೆ ಸಿಗಡಿಯನ್ನು ಡಬ್ಬಿಗೆ ಹಾಕಿ ಮುಚ್ಚಿ ಕಥೆ ಶುರುಮಾಡಿದೆ. ಪುಸ್ತಕ ಕೈಯಲ್ಲಿರಲಿಲ್ಲ, ಚಾರ್ಟ್ ಇರಲಿಲ್ಲ. ನಾಲ್ಕನೇ ಕೊಂಡಿಯ ಹೊತ್ತಿಗೆ ಪ್ರಶ್ನೆ ಕೇಳುವ ಕೆಲಸವನ್ನು ಮಕ್ಕಳೇ ವಹಿಸಿಕೊಂಡರು. ಮುಗಿದ ಕೂಡಲೇ ಇನ್ನೊಂದ್ಸಲ ಎಂದರು. ಇನ್ನೊಮ್ಮೆ ಹೇಳಿದೆ.

ಎರಡನೇ ಸಲ ಮುಗಿದ ಮೇಲೆ ನಾನು ಏನನ್ನೂ ಕೇಳಲಿಲ್ಲ. ನಮ್ಮನೇಲಿ ರಾಗಿ ಒಣಗಿಸ್ತಾರೆ ಎಂದು ಒಂದು ದನಿ ಬಂತು. ಹಪ್ಪಳ, ಸಂಡಿಗೆ, ಮೆಣಸಿನಕಾಯಿ, ಸಗಣಿ ಬೆರಣಿ, ಯೂನಿಫಾರಂ, ಮಾತು ಬೆಳೆಯಿತು. ಕೊಬ್ಬರಿಯನ್ನೂ ಬಿಸಿಲಿಗೆ ಹಾಕ್ತಾರಲ್ವಾ ಎಂದು ನಾನು ಬಾಯಿ ಹಾಕಿದೆ. ಅಪ್ಪನ ಬಗ್ಗೆ ಕೇಳಿದಾಗ ತಲೆ ತಗ್ಗಿಸಿದ್ದ ಅದೇ ಹುಡುಗಿ ತಟ್ಟನೆ ತಿದ್ದಿದಳು: “ಇಲ್ಲ ಮಿಸ್, ಕೊಬ್ರಿ ಅಟ್ಟದ ಮ್ಯಾಲೆ ಒಣಗ್ತದೆ. ತಾತ ಕಿವಿ ಹತ್ರ ಹಿಡ್ಕಂಡು ಅಲ್ಲಾಡಿಸ್ತದೆ. ಲೊಡಲೊಡ ಅಂದ್ರೆ ಆಗಿದೆ ಅಂತ.” ಅವಳ ಮಾತು ಸರಿ. ನಮ್ಮ ಸೀಮೆಯ ಉಂಡೆ ಕೊಬ್ಬರಿಯಾಗುವುದು ಹಾಗೆಯೇ. ಸಿಪ್ಪೆ ಸಮೇತ ಕಾಯನ್ನು ತಿಂಗಳುಗಟ್ಟಲೆ ಅಟ್ಟದ ಮೇಲೆ ಇಟ್ಟರೆ ಒಳಗಿನ ನೀರು ಇಂಗಿ, ಕಾಯಿ ಚಿಪ್ಪಿನಿಂದ ಬಿಟ್ಟುಕೊಂಡು ಉಂಡೆಯಾಗುತ್ತದೆ. ನೀರು ಆವಿಯಾಗುವುದನ್ನು ನಾನು ಪುಸ್ತಕ ಹಿಡಿದು ಕಲಿಸಲು ಹೋಗಿ ಸೋತಿದ್ದೆ. ಈಗ ಆ ಮಾತು ಅವಳ ಮನೆಯ ಅಟ್ಟದಿಂದ ಇಳಿದು ಬಂತು. ಅಂದಿನ ವಿಷಯ ‘ಒಣಗುವುದು’ ಆಯಿತು. ಅಂಥ ವಿಷಯವೊಂದು ನನ್ನ ಯಾವ ಪಟ್ಟಿಯಲ್ಲೂ ಬರುತ್ತಿರಲಿಲ್ಲ.

ಮುಂದಿನ ವಾರಕ್ಕೆ ಹೊಸ ಕಥೆ ಸಿದ್ಧಮಾಡಿಕೊಂಡು ಹೋದರೆ ಮಕ್ಕಳು ಸಿಗಡಿಯನ್ನೇ ಕೇಳಿದರು. ಹೇಳಿದ್ದನ್ನೇ ಹೇಳಿದರೆ ಹೊಸದೇನು ಕಲಿಯುತ್ತಾರೆ ಎಂಬ ಮೇಷ್ಟ್ರ ಅಳುಕು ನನ್ನನ್ನು ಬಿಟ್ಟಿರಲಿಲ್ಲ. ಅದನ್ನು ಬಿಡಿಸಿದ್ದು ಇಂಗ್ಲೆಂಡಿನ ಸಸೆಕ್ಸ್ ವಿಶ್ವವಿದ್ಯಾಲಯದಲ್ಲಿ ಜೆಸ್ಸಿಕಾ ಹೋರ್ಸ್ಟ್ ಮತ್ತು ಸಂಗಡಿಗರು ನಡೆಸಿ 2011ರಲ್ಲಿ ಪ್ರಕಟಿಸಿದ ಒಂದು ಅಧ್ಯಯನ. ಮೂರು ವರ್ಷದ ಮಕ್ಕಳ ಒಂದು ಗುಂಪಿಗೆ ಒಂದೇ ಕಥೆಯನ್ನು ಮತ್ತೆ ಮತ್ತೆ ಓದಿದರು, ಇನ್ನೊಂದು ಗುಂಪಿಗೆ ಬೇರೆ ಬೇರೆ ಕಥೆಗಳನ್ನು. ಹೊಸ ಪದಗಳು ಎರಡೂ ಗುಂಪಿನ ಕಿವಿಗೆ ಬಿದ್ದದ್ದು ಅಷ್ಟೇ ಸಲ. ಪದಗಳನ್ನು ಚೆನ್ನಾಗಿ ಕಲಿತವರು ಒಂದೇ ಕಥೆಯನ್ನು ಕೇಳಿದ ಮಕ್ಕಳು. ಕಥೆ ಪರಿಚಯವಾದಷ್ಟೂ ಮಗುವಿನ ಗಮನ ಹೊಸ ಪದಕ್ಕೆ ಸಿಗುತ್ತದೆ. ಒಂದು ವಿಷಯಕ್ಕೆ ಮೂರು ಪುಸ್ತಕ ಎಂಬ ನನ್ನ ಲೆಕ್ಕ ಮೂರು ವರ್ಷದವರಿಗೆ ಪ್ರತಿ ಸಲವೂ ಮೊದಲಿನಿಂದ ಶುರುಮಾಡುವ ಭಾರ ಹೊರಿಸುತ್ತಿತ್ತು.

ಪುಸ್ತಕ ಆರಿಸುವ ನನ್ನ ಕ್ರಮ ಆಮೇಲೆ ಪೂರ್ತಿ ಬದಲಾಯಿತು. ಮೊದಲ ಕೆಲಸ, ಮನೆಯಲ್ಲಿ ಗಟ್ಟಿಯಾಗಿ ಓದುವುದು. ಕಣ್ಣಿಗೆ ಸರಿಕಂಡ ವಾಕ್ಯ ನಾಲಿಗೆಗೆ ತೊಡರಬಹುದು. ಕೆಲವು ಅನುವಾದಗಳಲ್ಲಿ ನಾಯಿಮರಿಯೂ ಗ್ರಂಥಭಾಷೆಯಲ್ಲಿ ಮಾತಾಡುತ್ತದೆ. ಅಂಥದ್ದನ್ನು ಪಕ್ಕಕ್ಕಿಡುತ್ತೇನೆ, ಕಥೆ ತುಂಬ ಒಳ್ಳೆಯದಾದರೆ ನಮ್ಮ ಕಡೆಯ ಮಾತಿಗೆ ತಿರುಗಿಸಿಕೊಂಡು ಹೇಳುತ್ತೇನೆ. ಎರಡನೆಯದು, ಪುಸ್ತಕವನ್ನು ಕಿಟಕಿಯ ಹತ್ತಿರ ಒರಗಿಸಿಟ್ಟು ಕೋಣೆಯ ಆ ತುದಿಗೆ ಹೋಗಿ ನೆಲದ ಮೇಲೆ ಕೂತು ನೋಡುವುದು. ಅಲ್ಲಿಗೆ ಚಿತ್ರ ಕಾಣದಿದ್ದರೆ ಆ ಪುಸ್ತಕ ಮಡಿಲಲ್ಲಿ ಒಬ್ಬಿಬ್ಬರನ್ನು ಕೂರಿಸಿಕೊಂಡು ಓದುವುದಕ್ಕೇ ಸರಿ, ಗುಂಪಿಗಲ್ಲ. ಮೂರನೆಯದು, ಪುಟ ತಿರುಗಿಸುವ ಜಾಗ. ಒಳ್ಳೆಯ ಚಿತ್ರಪುಸ್ತಕದಲ್ಲಿ ಮುಂದೇನು ಎಂಬ ಕುತೂಹಲ ಪುಟದ ಕೊನೆಗೆ ಬಂದು ನಿಲ್ಲುತ್ತದೆ, ಉತ್ತರ ಮಗ್ಗುಲಾಚೆ ಇರುತ್ತದೆ. ನಾಲ್ಕನೆಯದು, ಮಕ್ಕಳಿಗೆ ಸೇರಿಕೊಳ್ಳಲು ಜಾಗ: ಮರಳಿ ಬರುವ ಮಾತು, ಸದ್ದು, ಊಹಿಸಬಲ್ಲ ಸರದಿ.

ಹಂತದ ಗುರುತನ್ನು ಓದುವ ಬಗೆಯೂ ತಿಳಿಯಿತು. ಪ್ರಥಮ್ ಬುಕ್ಸ್ 2015ರಲ್ಲಿ ತೆರೆದ ಸ್ಟೋರಿವೀವರ್ ತಾಣದಲ್ಲಿ ಕನ್ನಡ ಕಥೆಗಳು ಉಚಿತವಾಗಿ ಸಿಗುತ್ತವೆ, ಮುದ್ರಿಸಿಕೊಳ್ಳಲೂ ಅಡ್ಡಿಯಿಲ್ಲ. ಅಲ್ಲಿ ಕಥೆಗಳಿಗೆ 1ರಿಂದ 4ರವರೆಗೆ ಹಂತಗಳಿವೆ. ಅಂಗನವಾಡಿಯ ಮಕ್ಕಳಿಗೆ 1ನೇ ಹಂತವೇ ಎಂದು ನಾನು ಗೆರೆ ಎಳೆದಿದ್ದೆ. ಆದರೆ ಹಂತ ಹೇಳುವುದು ಮಗು ತಾನೇ ಓದುವ ಶಕ್ತಿಯನ್ನು. ಕೇಳುವ ಶಕ್ತಿ ಅದಕ್ಕಿಂತ ಬಹಳ ಮುಂದಿರುತ್ತದೆ. ಒಂದಕ್ಷರ ಓದಲಾಗದ ನಾಲ್ಕು ವರ್ಷದ ಮಗು ಅಜ್ಜಿಯ ಬಾಯಿಂದ ಕಾಗಕ್ಕ ಗುಬ್ಬಕ್ಕನ ಕಥೆಯನ್ನು ಪೂರ್ತಿ ಕೇಳುತ್ತದೆ, ತಪ್ಪಿದರೆ ತಿದ್ದುತ್ತದೆ. ಹೀಗಾಗಿ ಈಗ ಓದಿ ಹೇಳಲು 2ನೇ ಹಂತದ ಕಥೆಗಳನ್ನೂ ಧೈರ್ಯವಾಗಿ ತೆಗೆದುಕೊಳ್ಳುತ್ತೇನೆ, 1ನೇ ಹಂತದವನ್ನು ಮನೆಗೆ ಒಯ್ಯಲು ಕೊಡುತ್ತೇನೆ. ನ್ಯಾಷನಲ್ ಬುಕ್ ಟ್ರಸ್ಟಿನ ನೆಹರೂ ಬಾಲ ಪುಸ್ತಕಾಲಯದ ಪುಸ್ತಕಗಳು, ಚೆನ್ನೈನ ತೂಲಿಕಾ ಪ್ರಕಾಶನ ಕನ್ನಡದಲ್ಲಿ ತಂದ ಚಿತ್ರಪುಸ್ತಕಗಳು, ನವಕರ್ನಾಟಕದ ಮಕ್ಕಳ ಪುಸ್ತಕಗಳು, ಎಲ್ಲವೂ ಇದೇ ಪರೀಕ್ಷೆಗಳನ್ನು ದಾಟಿಯೇ ಚಾಪೆಯ ಮೇಲೆ ಬರುತ್ತವೆ.

ವಿಷಯವನ್ನು ನಾನು ಬಿಟ್ಟಿಲ್ಲ. ಅದಕ್ಕೆ ಅದರದೇ ಉಪಯೋಗವಿದೆ. ಒಂದೇ ತರದ ಪುಸ್ತಕಗಳಿಗೆ ನಾವು ಅಂಟಿಕೊಳ್ಳದಂತೆ ತಡೆಯುತ್ತದೆ, ಕಪಾಟಿನ ಮೂಲೆಯಲ್ಲಿ ಮರೆತುಹೋದದ್ದನ್ನು ಹುಡುಕಿಸುತ್ತದೆ, ಅಂಗನವಾಡಿ ಕಾರ್ಯಕರ್ತೆಯ ಕೆಲಸದ ಜೊತೆ ನಮ್ಮದನ್ನು ಕೂಡಿಸುತ್ತದೆ. ಬದಲಾದದ್ದು ಸರದಿ. ಮೊದಲು ಹೇಳಲೇಬೇಕೆನಿಸುವ ಒಂದು ಕಥೆ. ಅದರಿಂದ ಹೊರಡುವ ಎಳೆ ಯಾವುದೆಂದು ಆಮೇಲೆ ನೋಡುತ್ತೇನೆ. ಎಳೆ ವಸ್ತುವಿನದಾಗಿದ್ದರೆ ಸಾಲದು, ಕೆಲಸದ್ದೋ ಭಾವದ್ದೋ ಆಗಿದ್ದರೆ ಹೆಚ್ಚು ದೂರ ಬರುತ್ತದೆ. ‘ಮಳೆ’ಗಿಂತ ‘ಕಾಯುವುದು’, ‘ಪ್ರಾಣಿಗಳು’ ಎನ್ನುವುದಕ್ಕಿಂತ ‘ಅಡಗುವುದು’, ‘ಮನೆ’ಗಿಂತ ‘ಬಾಗಿಲು ತಟ್ಟುವುದು’ ಮಕ್ಕಳಿಗೆ ಹತ್ತಿರ. ಗಂಟೆಯ ನಡುವೆ ಒಂದು ಹಳೆಯ ಕಥೆ, ಒಂದು ಹೊಸ ಕಥೆ, ಮಧ್ಯೆ ಎದ್ದು ಕುಣಿಯಲು ಒಂದು ಶಿಶುಪ್ರಾಸ. ಹಾಳೆ, ಬಣ್ಣ ಇದ್ದರೆ ಕಥೆ ಮುಗಿಯುವವರೆಗೆ ಚೀಲದಲ್ಲಿ ಮುಚ್ಚಿರುತ್ತವೆ. ಕಥೆಯ ನೀತಿಯೇನೆಂದು ನಾನು ಕೇಳುವುದಿಲ್ಲ.

ಅಪ್ಪ, ಅಮ್ಮ, ಮನೆ, ಸಾವು ಇರುವ ಕಥೆಗಳನ್ನು ದೂರ ಇಟ್ಟಿಲ್ಲ. ಅಂಥ ಕಥೆ ಹೆಚ್ಚು ಬೇಕಾಗಿರುವುದು ಆ ಹುಡುಗಿಯಂಥವರಿಗೇ. ಕಥೆಯೊಳಗಿನ ಮಗುವಿನ ದುಃಖವನ್ನು ದೂರದಿಂದ ನೋಡಲು ಅವಳಿಗೆ ಅವಕಾಶ ಇರಬೇಕು, ತನ್ನದನ್ನು ಎಲ್ಲರ ಮುಂದೆ ಇಡಬೇಕೆಂಬ ಬಲವಂತ ಇರಬಾರದು. ನಿಮ್ಮನೆಯದು ಹೇಳಿ ಎಂಬ ಸುತ್ತನ್ನು ನಾನು ನಿಲ್ಲಿಸಿದ್ದೇನೆ. ಹೇಳಬೇಕೆನಿಸಿದವರು ಹೇಳುತ್ತಾರೆ, ಕೆಲವರು ಎಲ್ಲರೂ ಹೋದ ಮೇಲೆ ಚಪ್ಪಲಿ ಹಾಕಿಕೊಳ್ಳುತ್ತಾ ಹೇಳುತ್ತಾರೆ. ಅದಕ್ಕಾಗಿ ಸ್ವಲ್ಪ ಹೊತ್ತು ಬಾಗಿಲ ಬಳಿ ನಿಲ್ಲುವುದನ್ನು ರೂಢಿಮಾಡಿಕೊಂಡಿದ್ದೇನೆ.

ಗ್ರಂಥಾಲಯದ ಕಾರ್ಯಕ್ರಮ ವಹಿಯಲ್ಲಿ ‘ವಿಷಯ’ ಎಂಬ ಅಂಕಣವಿದೆ. ಮೊದಲು ಅದನ್ನು ತಿಂಗಳ ಮುಂಚೆ ತುಂಬುತ್ತಿದ್ದೆ, ಈಗ ಮಕ್ಕಳು ಮನೆಗೆ ಹೋದ ಮೇಲೆ ತುಂಬುತ್ತೇನೆ. ಮೇಲ್ವಿಚಾರಕಿ ಇದಕ್ಕೆ ಒಪ್ಪಿದ್ದಾರೆ. ಇಂಥ ಕೋಣೆಗಳನ್ನು ನಡೆಸುವವರಲ್ಲಿ ಮತ್ತು ಅವುಗಳಿಗೆ ಪುಸ್ತಕ ಕೊಳ್ಳುವವರಲ್ಲಿ ನನ್ನ ಕೋರಿಕೆ ಎರಡೇ. ಚಿಕ್ಕ ಮಕ್ಕಳ ಪುಸ್ತಕಗಳನ್ನು ಕೊಳ್ಳುವಾಗ ಅವನ್ನು ಓದಿ ಹೇಳುವವರನ್ನು ಒಂದು ಮಾತು ಕೇಳಿ, ಕೊಳ್ಳುವ ಮೊದಲು ಒಂದು ಪ್ರತಿಯನ್ನು ಮಕ್ಕಳ ಮುಂದೆ ಗಟ್ಟಿಯಾಗಿ ಓದಿಸಿ ನೋಡಿ. ಕಥೆ ಹೇಳುವವರಿಂದ ವರ್ಷದ ವಿಷಯಪಟ್ಟಿ ಕೇಳುವ ಬದಲು, ಮಕ್ಕಳು ಮತ್ತೆ ಕೇಳಿದ ಕಥೆಗಳ ಪಟ್ಟಿಯನ್ನು ಕೇಳಿ. ಮುಂದಿನ ವರ್ಷ ಯಾವ ಪುಸ್ತಕ ತರಬೇಕೆಂದು ಆ ಪಟ್ಟಿಯೇ ಹೇಳುತ್ತದೆ.